ಬಣ್ಣ ಕಾಣುವ ಮುಂಚಿನ ಅರ್ಧ ಗಂಟೆ

ಸೇಬಿನ ತೋಟದಲ್ಲಿ ಇನ್ನೂ ಕತ್ತಲೆ. ಮರಗಳ ಸಾಲಿನ ತುದಿಯಲ್ಲಿ ಹಳೆಯ ಕಾರುಗಳು ಒಂದರ ಹಿಂದೆ ಒಂದು ನಿಂತಿವೆ. ಒಳಗೆ ಜನ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಎದೆಗೆ ಕಟ್ಟಿಕೊಳ್ಳುವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕೆಂಪಾದ ಹಣ್ಣನ್ನು ಮಾತ್ರ ಕೀಳಬೇಕು, ಹಸಿರಾಗಿದ್ದರೆ ಬಿಡಬೇಕು. ಹಾಗಾಗಿ ಹಣ್ಣಿನ ಬಣ್ಣ ಕಣ್ಣಿಗೆ ಕಾಣುವಷ್ಟು ಬೆಳಕಾಗುವ ತನಕ ಮೇಸ್ತ್ರಿ ಸೀಟಿ ಊದುವುದಿಲ್ಲ. ತಡವಾಗಿ ಬಂದವರಿಗೆ ಒಳ್ಳೆಯ ಸಾಲು ಸಿಗುವುದಿಲ್ಲವಾದ್ದರಿಂದ ಎಲ್ಲರೂ ಮೊದಲೇ ಬಂದು ಕಾಯುತ್ತಾರೆ. ಈ ಅರ್ಧ ಗಂಟೆ ಯಾರ ಲೆಕ್ಕಕ್ಕೂ ಸೇರಿದ್ದಲ್ಲ.

ಮಣ್ಣಿನ ದಾರಿಯಲ್ಲಿ ಕುಲುಕಾಡುತ್ತ ಒಂದು ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ಕೆಳಕ್ಕೆ ಬಿಚ್ಚಿಕೊಳ್ಳುವ ಅದರ ಹಿಂಬಾಗಿಲಿನ ಒಂದು ಕೀಲು ಕಿತ್ತುಹೋಗಿದೆ, ತಂತಿ ಬಿಗಿದಿದ್ದಾರೆ. ಇಳಿಯುವವರು ಒಬ್ದುಲಿಯಾ ತಿನೋಕೊ. ಕಣಿವೆಯವರ ಬಾಯಲ್ಲಿ ದೋನ್ಯಾ ಲೂಲಾ, ನಾವು ಲೂಲಮ್ಮ ಎಂದ ಹಾಗೆ. ವಯಸ್ಸು ಐವತ್ತೆಂಟು. ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಹಾಗಾಗಿ ಸೇಬು ತುಂಬುವ ರಟ್ಟಿನ ಪೆಟ್ಟಿಗೆಗಳನ್ನು ಬಲಗೈಯಲ್ಲೇ ಎಳೆದು ಸಾಲಾಗಿ ಇಡುತ್ತಾರೆ. ಪೆಟ್ಟಿಗೆಗಳಲ್ಲಿ ಪುಸ್ತಕಗಳಿವೆ.

"ಬನ್ರೋ ಬನ್ರೋ. ಕಿಟಕಿ ಗಾಜಿಗೆ ಉಸಿರು ಬಿಟ್ಕೊಂಡು ಕೂತ್ರೆ ಸೂರ್ಯ ಏನ್ ಬೇಗ ಬರಲ್ಲ" ಎಂದು ಕೂಗುತ್ತಾರೆ.

ಬಾಗಿಲುಗಳು ತೆರೆದುಕೊಳ್ಳುತ್ತವೆ. ಹಣೆಗೆ ದೀಪ ಕಟ್ಟಿಕೊಂಡವರು ಪೆಟ್ಟಿಗೆಗಳ ಮೇಲೆ ಬಗ್ಗುತ್ತಾರೆ. ಒಬ್ಬಾಕೆಗೆ ಮಗನಿಗೆಂದು ಅದೇ ಡೈನೋಸಾರ್ ಪುಸ್ತಕ ಮತ್ತೆ ಬೇಕು. ಕುದುರೆ ಸವಾರನ ಕಾದಂಬರಿಯನ್ನು ವಾಪಸು ಕೊಡದೆ ಸತಾಯಿಸುತ್ತಿರುವ ಮೇಸ್ತ್ರಿ ನಿಕನೋರ್ ಹಿಂದೆ ಹಿಂದೆ ಸರಿಯುತ್ತಾನೆ. ಲೂಲಾ ಬಿಡುವುದಿಲ್ಲ. "ಏನ್ ಮೇಸ್ತ್ರಿ, ಇನ್ನೂ ಓದಿ ಮುಗಿದಿಲ್ವಾ? ಇಷ್ಟೊತ್ತಿಗೆ ಆ ಕುದುರೆಗೆ ವಯಸ್ಸಾಗಿ ಸತ್ತೇಹೋಗಿರುತ್ತೆ ಬಿಡು." ಎಲ್ಲರೂ ನಗುತ್ತಾರೆ, ಮೇಸ್ತ್ರಿಯೂ ನಗುತ್ತಾನೆ.

ಲೂಲಾ ನಮ್ಮ ಕ್ವಿಲ್ ಫ್ಲಾಟ್ ಊರಿನ ಗ್ರಂಥಾಲಯದ ಸಂಚಾರಿ ವ್ಯಾನಿನ ಚಾಲಕಿ. ಹಾಗಾದರೆ ವ್ಯಾನ್ ಎಲ್ಲಿ ಎಂದು ನೀವು ಕೇಳಬೇಕು. ಅದು ಗ್ರಂಥಾಲಯದ ಮುಂದಿನ ಹುಲ್ಲುಹಾಸಿನ ಮೇಲೆ ಕಾಗದದ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಬಣ್ಣದ ಪತಾಕೆ ಕಟ್ಟಿಸಿಕೊಂಡು ನಿಂತಿದೆ. ಸೆಪ್ಟೆಂಬರ್ ಹದಿನೈದರಿಂದ ಅಕ್ಟೋಬರ್ ಹದಿನೈದರವರೆಗೆ ದೇಶಕ್ಕೆಲ್ಲ ಲ್ಯಾಟಿನೋ ಪರಂಪರೆಯ ತಿಂಗಳು, ಅಂದರೆ ಗಡಿಯಾಚೆಯ ಸ್ಪಾನಿಷ್ ನಾಡುಗಳಿಂದ ಬಂದವರ ಹಬ್ಬ. ಸೇಬು ಕೀಳುವವರ ಪರಂಪರೆಯನ್ನು ಗೌರವಿಸಲೆಂದು, ಸೇಬು ಕೀಳುವವರ ಬಳಿಗೆ ಹೋಗುತ್ತಿದ್ದ ಒಂದೇ ಒಂದು ವ್ಯಾನನ್ನು ನಿಲ್ಲಿಸಿ ಸಿಂಗಾರ ಮಾಡಿದ್ದಾರೆ. ಇದನ್ನು ಬರೆಯುವಾಗ ನನಗೆ ಮೈಯೆಲ್ಲ ಉರಿಯುತ್ತಿದೆ. ತಣ್ಣಗೆ ಬರೆಯಬೇಕೆಂದು ನಮ್ಮ ಪತ್ರಿಕೆಯ ಸಂಪಾದಕರು ಹೇಳಿದ್ದರು, ಆಗುತ್ತಿಲ್ಲ.

ಈ ತಿಂಗಳು ನಮ್ಮ ಕಣಿವೆಯಲ್ಲಿ ಎಂಥ ತಿಂಗಳು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಕೊಯ್ಲಿನ ನಟ್ಟನಡು. ಏಣಿ ಹತ್ತಬಲ್ಲವರೆಲ್ಲ ಏಣಿಯ ಮೇಲೆ. ಗ್ರಂಥಾಲಯದ ಕಾರ್ಯಕ್ರಮಗಳೋ, ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಕಥೆ, ಗುರುವಾರ ಮಧ್ಯಾಹ್ನ ಎರಡಕ್ಕೆ ಬಣ್ಣದ ಕಾಗದ ಕತ್ತರಿಸುವ ಕಲೆ, ಶನಿವಾರ ಹತ್ತಕ್ಕೆ ಕುಣಿತ. ಶನಿವಾರವೂ ಕೊಯ್ಲು ನಿಲ್ಲುವುದಿಲ್ಲ. ಮೊದಲ ಮಂಗಳವಾರದ ಕಥೆಗೆ ನಾನು ಹೋಗಿದ್ದೆ. ದೂರದ ನಗರದಿಂದ ಕರೆಸಿದ್ದ ಕಥೆಗಾರ್ತಿ ಬಣ್ಣದ ಲಂಗ ಹರಡಿಕೊಂಡು ಕೂತಿದ್ದರು. ಕೇಳಲು ನಿವೃತ್ತ ಮೇಷ್ಟ್ರುಗಳು, ಗ್ರಂಥಾಲಯದ ಸಿಬ್ಬಂದಿ, ಮಳೆ ಬರಬಹುದೆಂದು ಒಳಗೆ ಬಂದಿದ್ದ ಒಬ್ಬ ಅಂಚೆಯವನು. ಯಾರ ಹೆಸರಿನ ಹಬ್ಬವೋ ಅವರಲ್ಲೊಬ್ಬರೂ ಇರಲಿಲ್ಲ.

ಲೂಲಾ ಹದಿನೇಳನೇ ವಯಸ್ಸಿನಲ್ಲಿ ಗಡಿಯಾಚೆಯ ಮಿಚೋಆಕಾನ್ ಸೀಮೆಯ ಒಂದು ಹಳ್ಳಿಯಿಂದ ಅಣ್ಣನ ಜೊತೆ ಇಲ್ಲಿಗೆ ಬಂದವರು. ವರ್ಷಾನುಗಟ್ಟಲೆ ಸೇಬು ಕಿತ್ತರು. ಒಂದು ದಿನ ಇಬ್ಬನಿಗೆ ಒದ್ದೆಯಾಗಿದ್ದ ಏಣಿಯಿಂದ ಜಾರಿ ಬಿದ್ದರು. ಭುಜ ಸರಿಹೋಗಲಿಲ್ಲ. ಏಣಿ ಹತ್ತಲಾರದವರಿಗೆ ತೋಟದಲ್ಲಿ ಜಾಗವಿಲ್ಲ. ಗ್ರಂಥಾಲಯದ ನೆಲ ಒರೆಸುವ ಕೆಲಸಕ್ಕೆ ಸೇರಿದರು. ವ್ಯಾನಿನ ಹಳೆಯ ಚಾಲಕ ಕೆಲಸ ಬಿಟ್ಟಾಗ ದೊಡ್ಡ ಗಾಡಿಯ ಪರವಾನಗಿ ಪಡೆದು ಆ ಸೀಟಿಗೆ ಬಂದರು. ಅವರಿಗೆ ಕೊಟ್ಟ ದಾರಿಯಲ್ಲಿ ಶಾಲೆ ಇತ್ತು, ವೃದ್ಧಾಶ್ರಮ ಇತ್ತು, ಅಂಚೆ ಕಚೇರಿಯ ಮೂಲೆ ಇತ್ತು. ತೋಟ ಇರಲಿಲ್ಲ. ಅದನ್ನು ಸೇರಿಸಿದ್ದು ಲೂಲಾ, ತಮ್ಮ ಕೆಲಸದ ಹೊತ್ತು ಶುರುವಾಗುವ ಮೊದಲು.

"ಆ ಕಾರೊಳಗೆ ನಾನೂ ಕೂತಿದ್ದೆ. ಎಷ್ಟು ಸೀಸನ್ ಅಂತ ಕೇಳಬೇಡಿ" ಎನ್ನುತ್ತಾರೆ ಅವರು. "ನಿದ್ದೆ ಬರಲ್ಲ, ಮಾತಾಡೋಕೆ ಮನಸ್ಸಿರಲ್ಲ, ಸುಮ್ನೆ ಕತ್ತಲು ನೋಡ್ತಾ ಕೂರೋದು. ಕೆಲಸ ಮಾಡ್ತಾ ಇರೋವಾಗ ಅಳು ಬರಲ್ಲ ನೋಡಿ, ಆ ಹೊತ್ತಲ್ಲಿ ಬರುತ್ತೆ. ಅದಕ್ಕೇ ಗಾಡಿ ಅಲ್ಲಿಗೆ ತಗೊಂಡು ಹೋದೆ."

ಪುಸ್ತಕ ಕೊಡುವುದರಿಂದ ಶುರುವಾದದ್ದು ಕಥೆ ಹೇಳಿಸುವುದಕ್ಕೆ ಬಂತು. ಓದಲು ಬಾರದವರೂ ಇದ್ದರು. ಸ್ಪಾನಿಷ್ ಕೂಡ ಸರಿಯಾಗಿ ಬಾರದ, ಬೆಟ್ಟದ ಮೇಲಿನ ಹಳ್ಳಿಗಳ ಮಿಷ್ಟೆಕ್ ಮಾತಾಡುವವರೂ ಇದ್ದರು. ಅವರಿಗೆ ಕೊಡಲು ಲೂಲಾ ಬಳಿ ಪುಸ್ತಕವೇ ಇರಲಿಲ್ಲ. ಹಾಗಿದ್ದರೆ ನೀವೇ ಏನಾದರೂ ಕೊಡಿ ಎಂದು ವ್ಯಾನಿನಲ್ಲಿದ್ದ ಧ್ವನಿಮುದ್ರಣದ ಯಂತ್ರವನ್ನು ಅವರ ಮುಂದೆ ಹಿಡಿದರು. ಸೀಟಿ ಬೀಳುವ ತನಕ ದಿನಕ್ಕೊಬ್ಬರು ಒಂದು ಕಥೆ ಹೇಳಬೇಕು. ಮುಗಿಯದಿದ್ದರೆ ಮರುದಿನ ಮುಂದುವರಿಸಬೇಕು. ಆ ಕಥೆಗಳು ಈಗ ಗ್ರಂಥಾಲಯದ ಮಕ್ಕಳ ವಿಭಾಗದ ಕೆಳಗಿನ ಕಪಾಟಿನಲ್ಲಿವೆ. ಶಾಲೆ ಬಿಟ್ಟ ಮೇಲೆ ಹಣ್ಣು ಕೀಳುವವರ ಮಕ್ಕಳು ಅಲ್ಲಿಗೆ ಬಂದು ನೆಲದ ಮೇಲೆ ಕೂತು ಕೇಳುತ್ತಾರೆ. ಯಾರೇಲಿ ಎಂಬ ಹುಡುಗಿ ತನ್ನ ಅಜ್ಜನ ಧ್ವನಿಯನ್ನು ಕೇಳುವಾಗ ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿ ಹಿಡಿದುಕೊಳ್ಳುತ್ತಾಳೆ. ಅಜ್ಜನ ಮಿಷ್ಟೆಕ್ ಅವಳಿಗೆ ಮನೆಯಲ್ಲಿ ಕೇಳಿ ಅರ್ಧ ಬರುತ್ತದೆ, ಶಾಲೆಯಲ್ಲಿ ಅದು ಬೇಕಾಗಿಲ್ಲ.

ಯಾರೇಲಿಯ ಅಜ್ಜ ಕ್ರೆಸೆನ್ಸಿಯೋ ಈ ಸಲದ ಕಥೆಗಾರ. ಒಂದೊಂದು ಕೊಯ್ಲಿಗೆ ಒಂದೊಂದು ಊರು ಸುತ್ತುವವರು. ಸೇಬಿನ ಕಾಲಕ್ಕೆ ಇಲ್ಲಿಗೆ ಬರುತ್ತಾರೆ, ಹಣ್ಣು ಮುಗಿದ ಮೇಲೆ ದಕ್ಷಿಣಕ್ಕೆ ಹೊರಟುಬಿಡುತ್ತಾರೆ. ಈ ವರ್ಷ ಕೆಮ್ಮು ಬಿಟ್ಟಿಲ್ಲ, ಮುಂದಿನ ವರ್ಷ ಬರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಅವರು ಮಿಷ್ಟೆಕ್‌ನಲ್ಲಿ ಹೇಳುತ್ತಾರೆ, ಅದೇ ಊರಿನ ನಿಕನೋರ್ ಮೇಸ್ತ್ರಿ ಉಳಿದವರಿಗೆ ಸ್ಪಾನಿಷ್‌ನಲ್ಲಿ ಹೇಳುತ್ತಾನೆ. ಕಥೆ ಗುಡುಗಿನದು. ಗುಡುಗು ಹಸಿವಾಗಿ ಮನುಷ್ಯ ವೇಷದಲ್ಲಿ ಒಂದು ಹಳ್ಳಿಗೆ ಇಳಿದು ಬರುತ್ತಾನೆ. ಮೆಕ್ಕೆಜೋಳದ ಹೊಲಕ್ಕೆ ಕೂಲಿಗೆ ಸೇರುತ್ತಾನೆ. ಹತ್ತು ಆಳಿನ ಕೆಲಸ ಒಬ್ಬನೇ ಮಾಡುತ್ತಾನೆ. ಎಲ್ಲರೂ ಅವನನ್ನು ಏಯ್, ಬಾರೋ, ಹೊರೋ ಎನ್ನುತ್ತಾರೆ. ಒಬ್ಬರೂ ಹೆಸರು ಕೇಳುವುದಿಲ್ಲ. ಊಟಕ್ಕೆ ಕೂತಾಗ ಯಾರಾದರೂ ಕೇಳಿಯಾರು ಎಂದು ಗುಡುಗು ಕಾಯುತ್ತಾನೆ. ಅಷ್ಟರಲ್ಲಿ ಬಣ್ಣ ಕಂಡಿತು, ಸೀಟಿ ಬಿತ್ತು.

ಅದು ಹಬ್ಬದ ತಿಂಗಳು ಶುರುವಾಗುವ ಮುಂಚಿನ ಶುಕ್ರವಾರ. ಅವತ್ತೇ ಮಧ್ಯಾಹ್ನ ಗ್ರಂಥಾಲಯದ ನಿರ್ದೇಶಕ ಬ್ರಾಂಡ್‌ವೋಲ್ಡ್ ಲೂಲಾರನ್ನು ಕರೆಸಿ ವ್ಯಾನಿನ ಕೀಲಿ ಕೇಳಿದರು. ಇದು ನಿಮ್ಮ ಜನರ ಗೌರವಕ್ಕೇ ಲೂಲಾ, ನಮ್ಮ ಊರಿಗೆ ನೀವು ಎಷ್ಟು ಮುಖ್ಯ ಎಂದು ಎಲ್ಲರೂ ನೋಡಲಿ ಎಂದರು. ಲೂಲಾ ಜಗಳವಾಡುವವರಲ್ಲ. ಅವತ್ತು ಆಡಿದ್ದು ಒಂದೇ ಮಾತು.

"ಸಾರ್, ನಮ್ಮ ಜನರ ಹತ್ರ ಹೋಗೋ ಗಾಡಿ ನಿಲ್ಸಿ ನಮ್ಮ ಜನರಿಗೆ ಗೌರವ ಅಂದ್ರೆ, ಅದನ್ನ ನೋಡೋಕೆ ನಮ್ಮ ಜನ ಹೆಂಗೆ ಬರ್ತಾರೆ?"

ಒಂದೇ ತಿಂಗಳು ತಾನೇ, ಅಕ್ಟೋಬರ್ ಹದಿನೈದು ಕಳೆದ ಮೇಲೆ ಮತ್ತೆ ಓಡಿಸಿ ಎಂದರಂತೆ ನಿರ್ದೇಶಕರು. ಅಷ್ಟು ಹೊತ್ತಿಗೆ ಮರದಲ್ಲಿ ಹಣ್ಣು ಮುಗಿಯುತ್ತ ಬಂದಿರುತ್ತದೆ, ಕ್ರೆಸೆನ್ಸಿಯೋ ಹೊರಡುವ ತಯಾರಿಯಲ್ಲಿರುತ್ತಾರೆ. ಲೂಲಾ ಕೀಲಿ ಕೊಟ್ಟು ಬಂದರು. ಧ್ವನಿಮುದ್ರಣದ ಯಂತ್ರ ವ್ಯಾನಿನ ಒಳಗೇ ಉಳಿಯಿತು.

ಸೋಮವಾರದ ಉದ್ಘಾಟನೆಗೆ ಅವರನ್ನು ವ್ಯಾನಿನ ಪಕ್ಕ ನಿಲ್ಲಿಸಿದರು. ಕಸೂತಿ ಹಾಕಿದ ರವಿಕೆಯೊಂದನ್ನು ಉಡುಗೊರೆ ಎಂದು ಕೊಟ್ಟು ತೊಡಿಸಿದರು. ಮೇಯರ್ ರಿಬ್ಬನ್ ಕತ್ತರಿಸಿದರು. ಛಾಯಾಗ್ರಾಹಕ ನಗಿ ಎಂದ. ಆ ಫೋಟೋ ನಮ್ಮ ಪತ್ರಿಕೆಯಲ್ಲೂ ಬಂತು. ಅದರಲ್ಲಿ ನೀವು ನಗುತ್ತಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಲೂಲಾ ಹೇಳಿದ್ದು: "ಆ ರವಿಕೆ ಎಲ್ಲೋ ದಕ್ಷಿಣದ ಕಡೆಯೋರದ್ದು, ನಮ್ಮೂರಲ್ಲಿ ಯಾರೂ ತೊಡಲ್ಲ. ಇರ್ಲಿ ಅಂದ್ಕೊಂಡೆ. ಬೆಲೆ ಚೀಟಿ ಕೀಳೋದು ಮರ್ತಿದ್ರು ನೋಡಿ, ಅದು ಬೆನ್ನಿಗೆ ಚುಚ್ತಾ ಇತ್ತು."

ಮರುದಿನ ಬೆಳಗಿನ ಜಾವ ಅವರು ತಮ್ಮ ಸ್ವಂತ ಪಿಕಪ್ಪಿನಲ್ಲಿ ತೋಟಕ್ಕೆ ಹೋದರು. ಗ್ರಂಥಾಲಯದ ಪುಸ್ತಕಗಳನ್ನು ತಮ್ಮ ಹೆಸರಿನಲ್ಲೇ ಎರವಲು ಪಡೆದಿದ್ದರು. ಹರಿದರೆ, ಕಳೆದರೆ ತಾವೇ ಜವಾಬ್ದಾರರು. ವ್ಯಾನಿನ ದೀಪ, ಮೆಟ್ಟಿಲು, ಕಪಾಟು ಏನೂ ಇಲ್ಲ. ಯಾರೂ ಕಾರಿನಿಂದ ಇಳಿಯಲಾರರು ಎಂದೇ ಅಂದುಕೊಂಡಿದ್ದರು. ಮೊದಲು ಇಳಿದವರು ಕ್ರೆಸೆನ್ಸಿಯೋ. ಕೆಮ್ಮುತ್ತ ಬಂದು ತಂತಿ ಬಿಗಿದ ಹಿಂಬಾಗಿಲನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಅದರ ಮೇಲೇ ಕೂತರು.

"ದೋನ್ಯಾ, ಗುಡುಗು ಇನ್ನೂ ಊಟಕ್ಕೇ ಕೂತಿದಾನೆ. ಪಾಪ, ಅವನನ್ನ ಎಬ್ಬಿಸೋಣ" ಎಂದರಂತೆ.

ಲೂಲಾ ತಮ್ಮ ಹಳೆಯ ಫೋನನ್ನು ತೆಗೆದು ಅವರ ಮುಂದೆ ಹಿಡಿದರು. ಪರದೆ ಒಡೆದ ಫೋನು, ಚಳಿಗೆ ಬೇಗ ಆರಿಹೋಗುತ್ತದೆ, ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ಬಂದಿದ್ದರು. ಅವತ್ತು ಎಲ್ಲ ಕಾರುಗಳೂ ಖಾಲಿಯಾದವು.

ನಾನು ಬ್ರಾಂಡ್‌ವೋಲ್ಡ್ ಅವರನ್ನು ಭೇಟಿಯಾದೆ. ಕೆಟ್ಟ ಮನುಷ್ಯರಲ್ಲ, ಕಾಫಿ ಕೊಟ್ಟು ಕೂರಿಸಿದರು. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಸಂಜೆ ಐದಕ್ಕೂ ಒಂದು ಕಾರ್ಯಕ್ರಮ ಇಟ್ಟಿದ್ದೇವಲ್ಲ, ಜನರೇ ಬರುವುದಿಲ್ಲ, ಅವರಿಗೆ ಆಸಕ್ತಿ ಕಡಿಮೆ ಎಂದರು. ಐದು ಗಂಟೆಗೆ ಆ ಜನ ಕತ್ತು ತಿರುಗಿಸಲಾರದೆ ಮನೆಗೆ ಬಂದು, ಮಕ್ಕಳಿಗೆ ಬೇಯಿಸಿಟ್ಟು, ಬೇಗ ಮಲಗುವ ತಯಾರಿಯಲ್ಲಿರುತ್ತಾರೆ ಎಂದೆ. ಹೌದೇ ಎಂದರು. ಇದೇ ಊರಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ, ಪ್ರತಿದಿನ ಸೇಬು ತಿನ್ನುತ್ತಾರೆ, ಮೇಜಿನ ಮೇಲೆ ಬುಟ್ಟಿಯೂ ಇತ್ತು.

ಲೂಲಾರಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು ಕೈತೊಳೆದುಕೊಳ್ಳುವುದು ನಮ್ಮಂಥ ಪತ್ರಿಕೆಯವರ ರೂಢಿ. ಯಾವ ಎಲೆ? ಯಾವ ಮರೆ? ದಿನವೂ ಎಲ್ಲರ ಕಣ್ಣೆದುರೇ ಆ ರಸ್ತೆಯಲ್ಲಿ ಓಡಾಡಿದ್ದಾರೆ. ಕಾಣಿಸಿದ್ದು ಹಾರ ಹಾಕಿ ನಿಲ್ಲಿಸಿದಾಗ ಮಾತ್ರ.

ಗುಡುಗಿನ ಕಥೆ ಮೊನ್ನೆ ಮುಗಿಯಿತು. ನಾನೂ ಅಲ್ಲಿದ್ದೆ. ಊಟ ಮುಗಿದರೂ ಯಾರೂ ಹೆಸರು ಕೇಳಲಿಲ್ಲ. ಜೋಳ ಕಣಜ ಸೇರಿತು, ಯಾರೂ ಕೇಳಲಿಲ್ಲ. ಸುಗ್ಗಿಯ ಹಬ್ಬಕ್ಕೆ ಹೊಲದೊಡೆಯ ಬಂದು, ಈ ವರ್ಷ ನಮ್ಮ ಹೊಲಕ್ಕೆ ಒಳ್ಳೆಯ ಆಳು ಸಿಕ್ಕಿದ್ದ ಎಂದು ನೆರೆಯವರ ಮುಂದೆ ಹೊಗಳಿದ, ಆಳಿನ ಮುಖ ನೋಡದೆಯೇ. ಕ್ರೆಸೆನ್ಸಿಯೋ ಅಲ್ಲಿಗೆ ನಿಲ್ಲಿಸಿ ಕೆಮ್ಮಿ ಸುಧಾರಿಸಿಕೊಂಡರು. ಆಮೇಲೆ ಹೇಳಿದ್ದನ್ನು ಮೇಸ್ತ್ರಿ ತಗ್ಗಿದ ದನಿಯಲ್ಲಿ ಸ್ಪಾನಿಷ್‌ಗೆ ತಂದ: "ಯಾರೂ ಕೇಳ್ದೇ ಇದ್ದಾಗ ಗುಡುಗು ತನ್ನ ಹೆಸರು ತಾನೇ ಹೇಳ್ದ. ಒಂದೇ ಸಲ ಹೇಳಿದ್ದು. ಬೆಟ್ಟದ ಆಚೆಯೋರಿಗೂ ಕೇಳಿಸ್ತು."

ಮೇಸ್ತ್ರಿ ಆಕಾಶ ನೋಡಿದ, ಹಣ್ಣು ನೋಡಿದ. ಬಣ್ಣ ಆಗಲೇ ಚೆನ್ನಾಗಿ ಕಾಣುತ್ತಿತ್ತು. ಸೀಟಿ ಊದಲು ಅವತ್ತು ಅವನು ಸ್ವಲ್ಪ ತಡ ಮಾಡಿದ. ಕಥೆ ಲೂಲಾರ ಫೋನಿನಲ್ಲಿದೆ. ಕಪಾಟಿಗೆ ಸೇರುವ ಮೊದಲೇ ಯಾರೇಲಿಗೆ ಕೇಳಿಸಿದ್ದಾರೆ, ಆ ಹುಡುಗಿ ಕೊನೆಯ ಸಾಲನ್ನು ಅಜ್ಜನ ಭಾಷೆಯಲ್ಲೇ ಹೇಳುತ್ತ ತಿರುಗುತ್ತಿದ್ದಾಳೆ.

ಅಕ್ಟೋಬರ್ ಹದಿನೈದರ ಸಮಾರೋಪದಲ್ಲಿ ಲೂಲಾರಿಗೆ 'ಸಮುದಾಯದ ಹೆಮ್ಮೆ' ಎಂಬ ಪ್ರಶಸ್ತಿ ಕೊಡುತ್ತಾರಂತೆ. ಬೆಳಗ್ಗೆ ಹತ್ತು ಗಂಟೆಗೆ, ಗ್ರಂಥಾಲಯದ ಸಭಾಂಗಣದಲ್ಲಿ. ಊಟಕ್ಕೆ ಇನ್ನೂರು ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ಮಾಡಿಕೊಡಲು ಸಾಧ್ಯವೇ ಎಂದೂ ಕೇಳಿದ್ದಾರೆ. ಪ್ರಶಸ್ತಿ ಪಡೆಯುವವರೇ ಅಡುಗೆಯನ್ನೂ ಮಾಡಬೇಕು, ನಮ್ಮ ಊರಿನ ಗೌರವ ಹೀಗಿದೆ. ಬೇಡ ಎನ್ನಿ ಎಂದು ನಾನು ರೇಗಿದೆ. ಲೂಲಾ ರೇಗಲಿಲ್ಲ. ಪುಸ್ತಕದ ಪೆಟ್ಟಿಗೆಗಳನ್ನು ಪಿಕಪ್ಪಿಗೆ ಏರಿಸುತ್ತ, ತಂತಿ ಬಿಗಿ ಮಾಡುತ್ತ, ಬೇಡ ಅನ್ನಲಿಲ್ಲ ನಾನು ಎಂದರು. ತಮಾಲೆ ಮಾಡುತ್ತಾರಂತೆ. ಪ್ರಶಸ್ತಿಯನ್ನೂ ತೆಗೆದುಕೊಳ್ಳುತ್ತಾರಂತೆ. ಆದರೆ ಜಾಗ ಮತ್ತು ಹೊತ್ತು ತಮ್ಮದು ಎಂದು ನಿರ್ದೇಶಕರಿಗೆ ಹೇಳಿ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

"ತೋಟಕ್ಕೇ ಬಂದು ಕೊಡ್ಲಿ, ಸೀಟಿ ಬೀಳೋಕೆ ಮುಂಚೆ. ತಮಾಲೆ ಬಿಸಿಬಿಸಿ ಇರುತ್ತೆ, ಎಲ್ರೂ ಇರ್ತಾರೆ" ಎಂದು ಗಾಡಿ ಹತ್ತಿದರು ಲೂಲಾ. ಕಿಟಕಿ ಇಳಿಸಿ ಮತ್ತೆ ಹೇಳಿದರು: "ವ್ಯಾನಲ್ಲೇ ಬರೋಕೆ ಹೇಳಿ ಅವರಿಗೆ. ವಾಪಸ್ ನಾನು ಓಡಿಸ್ಕೊಂಡು ಬರ್ತೀನಿ."