ಪೆಟ್ಟಿಗೆಯ ಮೇಲೆ ಹಾಕಿದ ಸಹಿ

ಐವತ್ತೊಂದನೇ ವಯಸ್ಸಿಗೆ ಎದೆ ಹಿಡಿದುಕೊಂಡು ಕುಸಿದ ಬುಟ್ಟಿಯಕ್ಕ ಮತ್ತೆ ಏಳಲಿಲ್ಲ. ಅಂದು ಬರ್ಗರ್ ಅಂಗಡಿಯ ಮ್ಯಾನೇಜರ್ ಮನೆಗೆ ಬಂದು, ಅವಳ ಗಂಡನ ಕೈ ಹಿಡಿದು, "ಒಳ್ಳೆ ಕೆಲಸಗಾರ್ತಿ. ಕೂಲಿ ಹೆಚ್ಚು ಮಾಡಿ ಅಂತ ಹಠ ಹಿಡೀದೆ ಇದ್ದಿದ್ರೆ ನಾಲ್ಕು ಜನರ ಕೆಲಸ ಉಳೀತಿತ್ತು" ಎಂದ. ಹೆಣ ಇನ್ನೂ ನಡುಮನೆಯಲ್ಲಿತ್ತು. ಸತ್ತವಳು ಎದ್ದು ಉತ್ತರ ಕೊಡಲಾರಳೆಂಬ ಧೈರ್ಯ. ಹೇಳಿದ್ದು ಸುಳ್ಳು, ಸುಳ್ಳೆಂದು ಅವನಿಗೂ ಗೊತ್ತಿತ್ತು. ನಡೆದದ್ದೇ ಬೇರೆ.

ಹತ್ತೊಂಬತ್ತು ವರ್ಷ ಅವಳು ಆ ಅಂಗಡಿಯ ಎಣ್ಣೆತೊಟ್ಟಿಯ ಮುಂದೆ ನಿಂತಿದ್ದಳು. ಆಲೂಗಡ್ಡೆ ಕಡ್ಡಿ ತುಂಬಿದ ತಂತಿಬುಟ್ಟಿಯನ್ನು ಎಣ್ಣೆಗೆ ಇಳಿಸುವುದು, ಎತ್ತುವುದು, ಒದರುವುದು; ಹೆಸರು ಬಂದದ್ದು ಅದರಿಂದಲೇ. ಹದವಾಯಿತೆಂದು ಹೇಳಲು ತೊಟ್ಟಿಗೊಂದು ಗಂಟೆಯಿತ್ತು. ಅವಳಿಗೆ ಅದು ಬೇಕಿರಲಿಲ್ಲ. ಎಣ್ಣೆಯ ಚುರುಚುರು ಸದ್ದು ತೆಳುವಾಗುತ್ತಲೇ ಬುಟ್ಟಿ ಮೇಲೇಳುತ್ತಿತ್ತು, ಗಂಟೆ ಹೊಡೆಯುತ್ತಿದ್ದದ್ದು ಆಮೇಲೆ. "ನನ್ನ ಹಿಂದಿಂದೇನೇ ಬರತ್ತೆ, ನಮ್ಮನೆಯವರ ಥರ" ಎನ್ನುತ್ತಿದ್ದಳು.

ಅಷ್ಟು ವರ್ಷದಲ್ಲಿ ಅವಳ ಕೂಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠವನ್ನು ದಾಟಲಿಲ್ಲ. ಹಾಗಾದರೆ ಕನಿಷ್ಠವನ್ನೇ ಏರಿಸಿ ಎಂದು ಅರ್ಜಿ ಬರೆದು, ಬೀದಿಯ ಅಂಗಡಿಗಳ ಕೆಲಸದವರಿಂದೆಲ್ಲ ಸಹಿ ಹಾಕಿಸಿದಳು. ಎಂಟು ತಿಂಗಳು ಓಡಾಡಿದ ಮೇಲೆ ಕೂಲಿ ಏರಿತು. ಮೂರನೇ ತಿಂಗಳಿಗೆ ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಕೂಲಿ ಏರಿಸ್ಕೊಂಡ್ರಿ. ಅದಕ್ಕೇ ಆರ್ಡರ್ ತಗೊಳ್ಳೋಕೆ, ಕರಿಯೋಕೆ ಕಂಪನಿ ಮಷೀನ್ ತರಿಸ್ತಿದೆ" ಎಂದ. ಕೌಂಟರಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಿದ್ದವಳು, ಜೊತೆಗೆ ಇನ್ನೂ ಮೂವರು ಅಂದೇ ಮನೆಗೆ. ಬುಟ್ಟಿಯಕ್ಕನನ್ನು ಮಾತ್ರ ಮಷೀನ್ ಕೂರಿಸುವವರೆಗೆ ಉಳಿಸಿಕೊಂಡರು. ಎಣ್ಣೆಯ ಮರ್ಮ ಅದಕ್ಕೆ ಕಲಿಸಲು ಅವಳೇ ಬೇಕಿತ್ತು.

"ಸಹಿ ಹಾಕು ಹಾಕು ಅಂತ ಪ್ರಾಣ ತಿಂದೋಳು ನೀನು" ಎಂದಳು ಕೌಂಟರಿನವಳು. "ಈಗ ನೀನ್ ಒಳಗೆ, ನಾವ್ ಬೀದೀಲಿ."

ಬುಟ್ಟಿಯಕ್ಕ ಅದನ್ನು ನಂಬಿಬಿಟ್ಟಳು. ಅವಳನ್ನು ಬಲ್ಲವರಿಗೆ ಮೈ ಉರಿಯುವುದು ಇದನ್ನು ನೆನೆದಾಗಲೇ. ಅವಳಿಗೆ ಊಟ ಸೇರಲಿಲ್ಲ. "ನಾನೇ ಅವರ ಅನ್ನಕ್ಕೆ ಕಲ್ಲು ಹಾಕ್ದೆ" ಎಂದು ಗಂಡನೆದುರು ಅತ್ತಳು. "ಮಷೀನೇನು ನೀನ್ ಹೆತ್ತೆಯಾ" ಎಂದ ಅವನು. ಅವಳು ನಗಲಿಲ್ಲ.

ಮತ್ತೆ ನಾಲ್ಕು ತಿಂಗಳಿಗೆ ಮೆಕ್ಯಾನಿಕ್ ಬಂದ. ಉಗ್ರಾಣದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಬಿದ್ದಿದ್ದ ಎರಡು ಉದ್ದನೆಯ ಪೆಟ್ಟಿಗೆಗಳನ್ನು ಎಳೆದು ಬಿಚ್ಚಿ, ಹಣೆ ಚಚ್ಚಿಕೊಂಡ.

"ಬೆಲ್ಟೆಲ್ಲ ಒಣಗಿ ಬಿರುಕು ಬಿಟ್ಟಿದೆಯಲ್ಲಮ್ಮ. ಗ್ಯಾರಂಟೀನೂ ಮುಗಿದೋಗಿದೆ."

"ಈಗ ತಾನೇ ತರಿಸಿದ್ದಲ್ವಾ ಅಣ್ಣ?"

"ಯಾರ್ ಹೇಳಿದ್ದು? ಬಂದು ಎರಡು ವರ್ಷ ಆಯ್ತು. ನೋಡಿ ಡೆಲಿವರಿ ಚೀಟಿ, ತಾರೀಖಿದೆ."

ಎರಡು ವರ್ಷ. ಅರ್ಜಿ ಬರೆಯುವುದಕ್ಕೆ ಒಂಬತ್ತು ತಿಂಗಳು ಮೊದಲು. ಒಳಗೇನಿದೆಯೆಂದು ಯಾರೂ ಕೇಳಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಊಟಕ್ಕೆ ಕೂರುತ್ತಿದ್ದದ್ದು ಆ ಪೆಟ್ಟಿಗೆಗಳ ಮೇಲೆ. ಅರ್ಜಿಯ ಹಾಳೆ ಹರಡಿ ಸಹಿ ಹಾಕಿದ್ದೂ ಅವುಗಳ ಮೇಲೆಯೇ. ಕಂಪನಿಗೆ ಬೇಕಿದ್ದದ್ದು ನೆಪವೊಂದು. ಅದನ್ನು ಇವರೇ ಕೂತು ಬರೆದುಕೊಟ್ಟಿದ್ದರು.

ಚೀಟಿ ಹಿಡಿದು ಮ್ಯಾನೇಜರ್ ಮುಂದೆ ನಿಂತಳು.

"ಮೇಲಿನೋರು ಇಟ್ಕೊಳ್ಳಿ ಅಂದ್ರು, ಇಟ್ಕೊಂಡೆ ಅಕ್ಕ. ಹೇಳ್ಬೇಡಿ ಅಂದ್ರು, ಹೇಳ್ಲಿಲ್ಲ."

"ನನ್ ಮೇಲೆ ಹಾಕಿ ಅಂತಾನೂ ಅವರೇ ಅಂದ್ರಾ ಸಾರ್?"

ಅವನು ಫೋನ್ ನೋಡಿಕೊಂಡ.

ಎಣ್ಣೆ ಮೆತ್ತಿದ ಏಪ್ರನ್ನಿನಲ್ಲೇ ಹೊರಟು ನಾಲ್ಕು ಮನೆ ತಿರುಗಿದಳು. ಮೂವರು ಒಳಗೆ ಕರೆದು ಕೂರಿಸಿದರು. ಕೊನೆಗೆ ಉಳಿದದ್ದು ಕೌಂಟರಿನವಳ ಮನೆ. ಅವಳು ಬಾಗಿಲನ್ನು ಅರ್ಧವಷ್ಟೇ ತೆರೆದಳು.

"ಏನ್ ಬಂದೆ?"

"ತಾರೀಖು ಓದು."

"ಓದಿದ್ರೆ ಕೆಲಸ ವಾಪಸ್ ಬರತ್ತಾ?"

"ಬರಲ್ಲ. ನನ್ ಮೇಲೆ ಹಾಕ್ಬೇಡ ಅನ್ನೋಕೆ ಬಂದೆ."

ಕೌಂಟರಿನವಳು ಚೀಟಿಯನ್ನು ದೂರ ಹಿಡಿದು ತಾರೀಖನ್ನು ಎರಡು ಸಲ ನೋಡಿದಳು. "ನಾಲ್ಕು ತಿಂಗಳಿಂದ ದಿನಾ ಎದ್ದ ತಕ್ಷಣ ನಿನಗೆ ಶಾಪ ಹಾಕ್ತಿದ್ದೆ" ಎಂದಳು. "ಇನ್ಮೇಲೆ ಯಾರಿಗೆ ಹಾಕ್ಲಿ?"

"ತರಿಸ್ಕೊಂಡೋರ ಹೆಸರು ಕೆಳಗಿದೆ. ಅಕ್ಷರ ಸಣ್ಣದು."

ಕೌಂಟರಿನವಳು ಬಾಗಿಲನ್ನು ಪೂರ್ತಿ ತೆಗೆದು, ಕನ್ನಡಕ ತರಲು ಒಳಗೆ ಹೋದಳು.