ಎದುರುಮನೆಯವರು ಕಂಡ ಸಮುದ್ರ

ವಿದ್ಯಾರಣ್ಯಪುರದಲ್ಲಿ ನಮ್ಮ ಎದುರುಮನೆಯವರು ಒಮ್ಮೆ ಅಂಡಮಾನಿಗೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಅರ್ಧ ಗಂಟೆ ಸಮುದ್ರದೊಳಗೆ ಇದ್ದು ಬಂದರು. ಅಂದಿನಿಂದ ನೆಲದ ಮೇಲಿನ ಯಾವ ವಿಷಯವೂ ಅವರಿಗೆ ರುಚಿಸಲಿಲ್ಲ. ನಲ್ಲಿಯಲ್ಲಿ ನೀರು ಬಂದಿಲ್ಲ ಎಂದರೂ, ಎರಡೂ ಕೈಗಳನ್ನು ಮೀನಿನ ರೆಕ್ಕೆಯಂತೆ ನಿಧಾನವಾಗಿ ಆಡಿಸುತ್ತಾ, "ಕೆಳಗಡೆ ಬೇರೆ ಲೋಕಾನೇ ಇದೆ ಕಣ್ರೀ" ಎನ್ನುತ್ತಿದ್ದರು. ಹವಳ, ಆಮೆ, ಬಣ್ಣ ಬದಲಿಸುವ ಆಕ್ಟೋಪಸ್ ಎಲ್ಲವೂ ಅವರಿಗೆ ಹತ್ತಿರದ ನೆಂಟರು.

ಒಂದು ಬೆಳಿಗ್ಗೆ ನಮ್ಮ ಪಕ್ಕದ ಬಡಾವಣೆಯಾದ ಸಿಂಗಾಪುರದ ಕೆರೆಯ ದಡದಲ್ಲಿ ನಾವೆಲ್ಲ ವಾಕಿಂಗ್ ಹೋಗಿದ್ದಾಗ ನಾಯಿಮರಿಯೊಂದು ನೀರಿಗೆ ಬಿದ್ದು ಜೊಂಡಿನಲ್ಲಿ ಸಿಕ್ಕಿಕೊಂಡಿತು. ಕುಂಯ್‌ಗುಡುತ್ತಾ ಮುಳುಗತೊಡಗಿತು. ಎಲ್ಲರೂ ಸಹಜವಾಗಿ ಎದುರುಮನೆಯವರ ಮುಖವನ್ನೇ ನೋಡಿದೆವು.

"ಇದು ಸಿಹಿನೀರು ಕಣ್ರೀ. ನಂದು ಸಮುದ್ರ," ಎಂದರು.

ಅವರ ಹೆಂಡತಿ ಚಪ್ಪಲಿ ಬಿಟ್ಟು ನೀರಿಗಿಳಿದರು. ನೀರು ಸೊಂಟದವರೆಗಷ್ಟೇ ಇತ್ತು. ಮರಿಯನ್ನು ಎದೆಗವಚಿಕೊಂಡು ದಡಕ್ಕೆ ಬಂದಾಗ ಆಕೆಯ ಮೈಯೆಲ್ಲ ಕೆಸರು. ನಾವು ಟವೆಲ್ಲಿಗಾಗಿ ಹುಡುಕಾಡುತ್ತಿದ್ದರೆ, ಇವರು ಮಾತ್ರ ನಿಜವಾದ ಕುತೂಹಲದಿಂದ ಕೇಳಿದರು:

"ಕೆಳಗಡೆ ಏನಾದ್ರೂ ಇತ್ತೇನೇ?"

"ಹೋದ್ ವರ್ಷ ನೀವು ಮುಳುಗಿಸಿದ ಗಣೇಶ ಕಾಲಿಗೆ ಸಿಕ್ತು. ಇನ್ನೂ ಕರಗಿಲ್ಲ," ಎಂದ ಆಕೆ, ಒದ್ದೆ ಮರಿಯನ್ನು ಅವರ ಇಸ್ತ್ರಿ ಮಾಡಿದ ಅಂಗಿಗೆ ಒತ್ತಿದರು. "ಹಿಡ್ಕೊಳ್ಳಿ."