ನಂಜಪ್ಪನವರ ಆರ್ಡರ್ ಫಾರಂ

ಅಚ್ಚಾಗದ ಮಾತನ್ನು ಗುಬ್ಬಿಯ ನಂಜಪ್ಪನವರು ನಂಬುತ್ತಿರಲಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಅವರು ಮೊದಲು ಓದುತ್ತಿದ್ದದ್ದು ಕೆಳಗೆ ಸಣ್ಣಕ್ಷರದಲ್ಲಿರುವ ಪ್ರೆಸ್ಸಿನ ಹೆಸರನ್ನು. ವಧೂವರರ ಸರದಿ ಆಮೇಲೆ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಏನೂ ಇಲ್ಲದಿದ್ದರೆ ಕಂಡಕ್ಟರನ್ನೇ ಅನುಮಾನದಿಂದ ನೋಡುವ ಮನುಷ್ಯ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಮಂಡಿಪೇಟೆಯಲ್ಲಿ ಕಾಲಲ್ಲಿ ತುಳಿಯುವ ಮೆಷೀನಿಟ್ಟುಕೊಂಡು ಸಣ್ಣ ಪ್ರೆಸ್ ನಡೆಸುತ್ತಿದ್ದೆ. ಇಂಥವರು ಗಿರಾಕಿಯಾಗಿ ಸಿಕ್ಕಿದ್ದು ನನ್ನ ಪೂರ್ವಜನ್ಮದ ಪುಣ್ಯ.

ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಅಂಗಡಿ. ಮೈಕ್‌ಸೆಟ್, ಶಾಮಿಯಾನ, ಸೀರಿಯಲ್ ಸೆಟ್, ನಾಟಕದ ಪರದೆ, ಇವನ್ನೆಲ್ಲ ಹೊತ್ತು ಕಟ್ಟುವ ಹುಡುಗರು, ಎಲ್ಲವೂ ಬಾಡಿಗೆಗೆ. ಮೊದಲೆಲ್ಲ ಆರ್ಡರ್ ಅಂದರೆ ಬರೀ ಮಾತು. ಗಿರಾಕಿ ಎಲೆ ಅಡಿಕೆ ಮುಂದಿಟ್ಟು ಬೆಂಚಿನ ಮೇಲೆ ಕೂತರೆ ನಂಜಪ್ಪನವರು “ಏನಪ್ಪಾ ಸಮಾಚಾರ?” ಅನ್ನುವರು. ಅಲ್ಲಿಂದ ಹೊರಟ ಮಾತು ಮಳೆ, ಬೆಳೆ, ಬೀಗರ ಬಿಂಕ ಎಲ್ಲವನ್ನೂ ಸುತ್ತಿ ಕಡೆಗೆ ಟ್ಯೂಬ್‌ಲೈಟು ಎಷ್ಟು ಬೇಕು ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು.

ಇದೆಲ್ಲ ಕೆಟ್ಟದ್ದು ಚೇಳೂರು ಕಡೆಯ ಒಂದು ಹಳ್ಳಿಯ ನಾಟಕದಿಂದ. ಹುಡುಗರು ಮೈಕ್‌ಸೆಟ್ ಹೊತ್ತುಕೊಂಡು ಹೋದರೆ ಆ ಊರಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ, ಕಂಬ ಮಾತ್ರ ಬಂದಿದ್ದವು. ಮಾರನೆಯ ದಿನವೇ ನಂಜಪ್ಪನವರು ನನ್ನ ಪ್ರೆಸ್ಸಿನಲ್ಲಿ ಹಾಜರು.

“ಬಾಯಿಮಾತು ಇನ್ ಸಾಕು ಕಣಯ್ಯ. ಒಂದು ಆರ್ಡರ್ ಫಾರಂ ಮಾಡು. ಎಡವಟ್ಟೆಲ್ಲ ಪೇಪರ್ ಮೇಲೇ ಆಗೋಗ್ಬುಡ್ಲಿ.”

ಹಾಗೆ “ಕರೆಂಟ್ ಇದೆಯೇ?” ಎಂಬ ಕಾಲಂ ಹುಟ್ಟಿತು. ಮುಂದಿನ ಊರಿನಲ್ಲಿ ಕರೆಂಟ್ ಇತ್ತು, ನಾಟಕ ಶುರುವಾಗುವ ಹೊತ್ತಿಗೆ ಹೋಯಿತು. “ಇದ್ದರೆ ಯಾವಾಗ ಇರುತ್ತದೆ?” ಎಂದು ಇನ್ನೊಂದು ಕಾಲಂ ಸೇರಿತು. ಅದರ ಮುಂದೆ ಒಬ್ಬ ಯಜಮಾನರು “ಲೈನ್‌ಮನ್ನನ್ನು ಕೇಳುವುದು” ಎಂದು ಬರೆದು ಗಂಭೀರವಾಗಿ ಸಹಿ ಹಾಕಿದ್ದರು. ಇನ್ನೊಂದು ಊರಿನಲ್ಲಿ ಎರಡು ಪಾರ್ಟಿಯವರು ಕಂಬಕ್ಕೆ ಕಟ್ಟಿದ ಮೈಕಿನ ಹಾರನ್ನನ್ನು ಮೇಲಿನ ಬೀದಿಗೆ ಒಮ್ಮೆ, ಕೆಳಗಿನ ಬೀದಿಗೆ ಒಮ್ಮೆ ತಿರುಗಿಸಿ ತಿರುಗಿಸಿ ಅದರ ಕತ್ತು ಮುರಿದರು. “ಹಾರನ್ ಮುಖ ಯಾವ ಬೀದಿಗೆ? ಎದುರು ಬೀದಿಯವರ ಒಪ್ಪಿಗೆ ಇದೆಯೇ?” ಎಂದು ಅಚ್ಚಾಯಿತು. ಹುಡುಗರಿಗೆ ಮುದ್ದೆಯೋ ಅನ್ನವೋ, ಆಪರೇಟರಿಗೆ ಕುಡಿಸುವ ಸಂಬಂಧಿಕರು ಊರಲ್ಲಿದ್ದಾರೆಯೇ, ಹೀಗೆ ಒಂದೊಂದು ಎಡವಟ್ಟಿಗೂ ಒಂದೊಂದು ಕಾಲಂ. ಅಂತರಸನಹಳ್ಳಿಯ ಕಾರ್ಖಾನೆಯೊಂದರ ಮ್ಯಾನೇಜರು ಆಯುಧಪೂಜೆಗೆಂದು ಫಾರಂ ಒಯ್ದು ಮೇಲಿನವರ ಒಪ್ಪಿಗೆಗೆ ಕಳಿಸಿದರಂತೆ. ಒಪ್ಪಿಗೆ ದೀಪಾವಳಿಗೆ ಬಂತು. ನಂಜಪ್ಪನವರಿಗೆ ಸಿಟ್ಟು ಬರಲಿಲ್ಲ. “ನೋಡು, ನಮ್ ಫಾರಂಗೆ ಫೈಲ್ ಆಗೋ ಯೋಗ್ತೆ ಬಂತು” ಎಂದು ನನಗೆ ಮಸಾಲೆದೋಸೆ ಕೊಡಿಸಿದರು.

ಫಾರಂ ಬೆಳೆದ ಹಾಗೆಲ್ಲ ಅವರ ಮಾತು ಸಣ್ಣದಾಯಿತು. ಗಿರಾಕಿ ಬಂದರೆ ತಲೆ ಎತ್ತದೆ ಒಂದು ಹಾಳೆ, ಒಂದು ಪೆನ್ನು ಮುಂದಕ್ಕೆ ತಳ್ಳುವರು. “ತುಂಬಿ” ಅನ್ನುವುದೊಂದೇ ಮಾತು.

ಕುಣಿಗಲ್ ಕಡೆಯ ಕೊತ್ತಗೆರೆಯ ಚಿಕ್ಕಣ್ಣ ಅವರ ಜೀವದ ಗೆಳೆಯ. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ತಾಯಿಯಿಲ್ಲದ ನಂಜಪ್ಪನವರು ಆ ವರ್ಷಗಳಲ್ಲಿ ಉಂಡದ್ದೆಲ್ಲ ಚಿಕ್ಕಣ್ಣನ ಅವ್ವನ ಕೈಯ ಮುದ್ದೆ. ಆ ಅವ್ವ ತೀರಿಕೊಂಡಾಗ ನಂಜಪ್ಪನವರು ತಿಪಟೂರು ಕಡೆ ಯಾವುದೋ ಸಮ್ಮೇಳನಕ್ಕೆ ಕಂಬ ನೆಡಿಸುತ್ತಿದ್ದರು, ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. ನಾಲ್ಕಾರು ದಿನ ಕಳೆದು ಚಿಕ್ಕಣ್ಣನೇ ಬಂದ. ತಲೆಗೆ ಟವಲು ಸುತ್ತಿಕೊಂಡು ಬೆಂಚಿನ ಮೇಲೆ ಕೂತ. ನಂಜಪ್ಪನವರು ಹಾಳೆ ತಳ್ಳಿದರು.

ಆ ಫಾರಂನಲ್ಲಿ ಎಲ್ಲವೂ ಇತ್ತು. ಕಾರ್ಯ ಯಾವುದು ಎಂಬ ಕಾಲಂ ಮಾತ್ರ ಇರಲಿಲ್ಲ. ಬಾಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ ಅದು, ಅದರಲ್ಲಿ ಎಂದೂ ಎಡವಟ್ಟಾಗಿರಲಿಲ್ಲ, ಎಡವಟ್ಟಾಗದ್ದಕ್ಕೆ ಕಾಲಂ ಎಲ್ಲಿಂದ ಬರಬೇಕು? ಗೆಳೆಯನಿಗೆ ವಿಷಯ ಗೊತ್ತೇ ಇರುತ್ತದೆ ಎಂದುಕೊಂಡ ಚಿಕ್ಕಣ್ಣ ದೀಪ, ಹಾಡು, ಅಲಂಕಾರ ಎಲ್ಲದರ ಮುಂದೆಯೂ “ನಿಮಗೆ ತಿಳಿದಂತೆ” ಎಂದು ತುಂಬಿ ಹೋದ.

ಅದು ಮದುವೆಯ ಕಾಲ. ಹುಡುಗರಿಗೆ ತಿಳಿದದ್ದು ಒಂದೇ. ತಿಥಿಯ ದಿನ ಮನೆಯವರೆಲ್ಲ ತೋಟದಲ್ಲಿದ್ದ ಸಮಾಧಿಗೆ ಎಡೆ ಇಟ್ಟು ಬರುವಷ್ಟರಲ್ಲಿ ಬಾಗಿಲಲ್ಲಿ “ವಧೂವರರಿಗೆ ಸುಸ್ವಾಗತ” ಕಮಾನು ನಿಂತಿತ್ತು, ಕೆಂಪು ಹಸಿರು ಸೀರಿಯಲ್ ಸೆಟ್ ಮಿಣಮಿಣ ಅನ್ನುತ್ತಿತ್ತು, ಹಾರನ್ನಿನಲ್ಲಿ ಗಟ್ಟಿಮೇಳ ಮೊಳಗುತ್ತಿತ್ತು. ಚಿಕ್ಕಣ್ಣ ಯಾರನ್ನೂ ಬೈಯಲಿಲ್ಲ. ಹೋಗಿ ವೈರು ಕಿತ್ತ.

ಸಂಜೆ ಹುಡುಗರಿಂದ ಸುದ್ದಿ ತಿಳಿದ ನಂಜಪ್ಪನವರು ಎದ್ದೆನೋ ಬಿದ್ದೆನೋ ಎಂದು ಕೊತ್ತಗೆರೆಗೆ ಓಡಿದರು. ಅಲ್ಲಿ ನಡೆದದ್ದನ್ನು ಮಾರನೆಯ ದಿನ ನನ್ನ ಪ್ರೆಸ್ಸಿನಲ್ಲಿ ಕೂತು ಹೇಳಿದರು. ಕೈಯಲ್ಲಿ ಕಾಗದವಿಲ್ಲದೆ ಅವರು ಬಂದದ್ದು ಅದೇ ಮೊದಲು.

“ಕಾಲಿಡ್ಕೊಳಕ್ಕೆ ಹೋದೆ ಕಣಯ್ಯ. ಹಿಂದಕ್ಕೆ ಸರ್ಕೊಂಡ. ‘ನಿನ್ ಬೆಂಚ್ ಮೇಲೆ ಕೂತಿದ್ನಲ್ಲಾ ನಂಜ, ಏನ್ಲಾ ಸಮಾಚಾರ ಅಂತ ಒಂದ್ ಮಾತು ಕೇಳ್ತೀಯೇನೋ ಅಂತ ಕಾಯ್ತಿದ್ದೆ’ ಅಂದ.”

ಅಷ್ಟು ಹೇಳಿ ಅತ್ತರು. ಅವರನ್ನು ಇಷ್ಟು ವರ್ಷ ಆಡಿಕೊಂಡು ನಗುತ್ತಿದ್ದ ನನಗೂ ದುಃಖ ತಡೆಯಲಾಗಲಿಲ್ಲ. “ಕಾರ್ಯ ಯಾವುದು ಅಂತ ಒಂದು ಕಾಲಂ ಸೇರಿಸೋಣವಾ ಅಣ್ಣ?” ಎಂದೆ.

“ಎಲ್ಲಾ ಕಾಲಮ್ಮೂ ತೆಗ್ದಾಕು. ‘ದಯವಿಟ್ಟು ಕುಳಿತುಕೊಳ್ಳಿ. ಮಾಲೀಕರು ಮಾತಾಡಿಸುತ್ತಾರೆ.’ ಅಷ್ಟೇ ಹಾಕು.”

“ಅದನ್ನ ಬಾಯಲ್ಲೇ ಹೇಳಬಹುದಲ್ಲಣ್ಣ. ಅಚ್ಚು ಯಾಕೆ?”

“ಅಚ್ಚಾಗ್ದೇ ಇದ್ರೆ ನಾನೇ ನಂಬಲ್ಲ ಕಣಯ್ಯ.”

ಅಷ್ಟನ್ನೇ ಅಚ್ಚು ಹಾಕಿಕೊಟ್ಟೆ. ಅದರಲ್ಲೊಂದು ಹಾಳೆಯನ್ನು ಬೆಂಚಿನ ಮೇಲುಗಡೆ ಗೋಡೆಗೆ ಅಂಟಿಸಿದರು. ಗಿರಾಕಿಗಳು ಕೂತರು, ಮಾತಾಡಿದರು, ಎಡವಟ್ಟುಗಳು ಮೊದಲಿನಂತೆ ಸಲೀಸಾಗಿ ಆಗತೊಡಗಿದವು. ಚಿಕ್ಕಣ್ಣ ಮಾತ್ರ ಬರಲಿಲ್ಲ. ಕೊತ್ತಗೆರೆಗೆ ಹೇಳಿಕಳಿಸಿದರೂ ಬರಲಿಲ್ಲ. ಕಡೆಯ ಸಲ ಭೇಟಿಯಾದಾಗ ನಂಜಪ್ಪನವರು ಸಣ್ಣಗೆ ಕೆಮ್ಮುತ್ತ, “ಕುಣಿಗಲ್ ಬಸ್ ನಿಂತಾಗೆಲ್ಲ ಒಂದ್ಸಲ ಎದ್ದು ನೋಡ್ತೀನಿ” ಎಂದಿದ್ದರು.

ಅವರು ತೀರಿಕೊಂಡ ಸುದ್ದಿ ಬಂದ ದಿನ ಗುಬ್ಬಿಗೆ ಹೋದೆ. ಮನೆಯ ಮುಂದೆ ಅವರದೇ ಶಾಮಿಯಾನ ಹಾಕಿದ್ದರು. ಎಲ್ಲ ಮುಗಿದ ಮೇಲೆ ಬಸ್ಸಿಗೆಂದು ಬರುವಾಗ ನೋಡಿದರೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಬೆಂಚಿನ ಮೇಲೆ, ಗೋಡೆಯ ಆ ಕಾಗದದ ಕೆಳಗೆ, ಚಿಕ್ಕಣ್ಣ ಕೂತಿದ್ದ. ಬಸ್ಸು ಹೊರಡುತ್ತದೆ, ಏಳಿ ಎಂದೆ.

“ನೀವ್ ನಡೀರಿ ಸ್ವಾಮಿ” ಎಂದ. “ಕೂತ್ಕೋ, ಮಾತಾಡುಸ್ತೀನಿ ಅಂತ ಹಾಕ್ಸವ್ನೆ. ವಸಿ ಹೊತ್ತು ಕೂತಿರ್ತೀನಿ.”